ಇನ್ನೊಂದು ಎಂಜಿನ್ ತರುವ ಮೊದಲು ಶೆಡ್ ಕಟ್ಟಿ

ಹಳೆಯ ಉಗಿ ಎಂಜಿನ್ ಉಳಿಸಬೇಕು ಅಂತ ಕೇಳಿದರೆ ಜನ ಧಾರಾಳವಾಗಿ ದುಡ್ಡು ಕೊಡುತ್ತಾರೆ. ಅದೇ ಎಂಜಿನ್ ನಿಲ್ಲಿಸೋಕೆ ಶೆಡ್ ಬೇಕು ಅಂದರೆ ಕೈ ಹಿಂದಕ್ಕೆ ಹೋಗುತ್ತದೆ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ. ಸ್ವಯಂಸೇವಕರು ನಡೆಸುವ ರೈಲ್ವೆಗಳು ಇನ್ನೊಂದು ಎಂಜಿನ್ ತರುವ ಮೊದಲು, ಇರುವ ಎಂಜಿನ್‌ಗಳಿಗೆ ಸೂರು ಕಟ್ಟಬೇಕು.

ಬ್ರಿಟನ್ನನ್ನೇ ನೋಡಿ. 1951ರಲ್ಲಿ ವೇಲ್ಸ್‌ನ ಟಾಲಿಲಿನ್ ರೈಲ್ವೆಯನ್ನು ಸ್ವಯಂಸೇವಕರು ಕೈಗೆತ್ತಿಕೊಂಡರು, ಜಗತ್ತಿನಲ್ಲೇ ಮೊದಲ ಸಲ. ಆಮೇಲೆ ಅಂಥ ರೈಲ್ವೆಗಳು ಎಷ್ಟೋ ಹುಟ್ಟಿದವು. ಬ್ಯಾರಿ ಅನ್ನುವ ಸಮುದ್ರದಂಚಿನ ಊರಿನ ಗುಜರಿ ಅಂಗಳದಿಂದಲೇ 213 ಎಂಜಿನ್‌ಗಳನ್ನು ಬಿಡಿಸಿಕೊಂಡು ಬಂದರು. ಎಂಥ ದೊಡ್ಡ ಕೆಲಸ ಅಲ್ವಾ! ಆದರೆ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಬ್ಬಿಣವನ್ನು ತಂದು ಮತ್ತೆ ಬಯಲಲ್ಲೇ ನಿಲ್ಲಿಸಿದರೆ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ.

ಓಡುವ ಎಂಜಿನ್ ಕೂಡ ಸದಾ ಓಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಬಾಯ್ಲರ್ ಪೂರ್ತಿ ಬಿಚ್ಚಿ ರಿಪೇರಿ ಮಾಡಬೇಕು. ದುಡ್ಡು, ಕೈಗಳು ಎರಡೂ ಕಡಿಮೆ. ಹಾಗಾಗಿ ಸರದಿಗೆ ಕಾಯುವ ಎಂಜಿನ್‌ಗಳೇ ಜಾಸ್ತಿ. ಕೆಲವು ಹತ್ತಾರು ವರ್ಷ ಕಾಯುತ್ತವೆ.

ಕಾಯುವಾಗ ಏನಾಗುತ್ತದೆ? ಬಾಯ್ಲರ್ ಮೇಲಿನ ತಗಡಿನ ಹೊದಿಕೆಯೊಳಗೆ ಮಳೆನೀರು ಇಳಿಯುತ್ತದೆ. ತಗಡಿನಡಿ ಇರುವ, ಶಾಖ ತಡೆಯುವ ಪದರ ಅದನ್ನು ಹೀರಿ ಹಿಡಿದುಕೊಳ್ಳುತ್ತದೆ. ಹೊರಗಿನ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಬಾಯ್ಲರ್ ತಗಡು ಸವೆಯುತ್ತಿರುತ್ತದೆ. ಬಾಯ್ಲರ್ ಮುಂದೆ, ಚಿಮಣಿಯ ಅಡಿಗೆ ಹೊಗೆ, ಬೂದಿ ಸೇರುವ ಪೆಟ್ಟಿಗೆ ಇರುತ್ತದೆ, ಅದೇ ಸ್ಮೋಕ್‌ಬಾಕ್ಸ್. ಅದರ ಪಾಡು ಇನ್ನೂ ಕೆಟ್ಟದ್ದು. ಕಲ್ಲಿದ್ದಲಿನ ಬೂದಿಯಲ್ಲಿ ಗಂಧಕದ ಅಂಶ ಇರುತ್ತದೆ. ಚಿಮಣಿಯಿಂದ ನೀರು ಬಿದ್ದರೆ ಅದು ಆಮ್ಲವಾಗಿ ಅಡಿಭಾಗವನ್ನೇ ತಿನ್ನುತ್ತದೆ. ಟಾರ್ಪಾಲ್ ಹೊದಿಸಿದ್ದೇವಲ್ಲ ಅನ್ನುವವರಿದ್ದಾರೆ. ಬಿಗಿಯಾಗಿ ಹೊದಿಸಿದ ಟಾರ್ಪಾಲ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಸಿಲಿಂಡರ್ ಅಥವಾ ಪೈಪಿನಲ್ಲಿ ನೀರು ಉಳಿದು, ಚಳಿಗೆ ಹೆಪ್ಪುಗಟ್ಟಿದರೆ ಲೋಹವೇ ಸೀಳುತ್ತದೆ.

ಹಾಗಂತ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದರೆ ಕೆಲಸ ಮುಗಿಯಲಿಲ್ಲ. ರಾತ್ರಿ ತಣ್ಣಗಾದ ಅಷ್ಟು ಟನ್ ಉಕ್ಕು ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ. ಹೊರಗಿನ ಬೆಚ್ಚನೆಯ ತೇವದ ಗಾಳಿ ಒಳಗೆ ಬಂದ ಕೂಡಲೇ, ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಹಾಗೆ ಎಂಜಿನ್ ಮೈಯೆಲ್ಲ ಬೆವರುತ್ತದೆ. ಬರೀ ತಗಡಿನ ಮಾಡಾದರೆ ಅದರ ಅಡಿಯಲ್ಲೂ ನೀರು ಕಟ್ಟಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಮಾಡಿನ ಅಡಿಗೆ ಶಾಖ ತಡೆಯುವ ಪದರ ಬೇಕು. ನೆಲದ ತೇವ ಮೇಲೇಳದಂತೆ ಕಾಂಕ್ರೀಟಿನಡಿ ಪ್ಲಾಸ್ಟಿಕ್ ಹಾಳೆ ಬೇಕು. ಗಾಳಿ ಆಡಬೇಕು.

ಅಳತೆಯಲ್ಲಂತೂ ಜಿಪುಣತನ ಬೇಡವೇ ಬೇಡ. ದೊಡ್ಡ ಎಂಜಿನ್, ಕಲ್ಲಿದ್ದಲು ನೀರು ಹೊರುವ ಹಿಂದಿನ ಬಂಡಿ (ಟೆಂಡರ್) ಸೇರಿ 20 ಮೀಟರ್ ದಾಟುತ್ತದೆ. ಅಕ್ಕಪಕ್ಕದ ಎರಡು ಹಳಿದಾರಿಗಳ ನಡುವೆ ಜನ ಸಾಮಾನು ಹಿಡಿದು ಓಡಾಡುವಷ್ಟು ಜಾಗ ಬಿಡಿ. ಸಾಧ್ಯವಾದರೆ ಎರಡೂ ತುದಿಗೆ ಬಾಗಿಲು ಇಡಿ. ಇಲ್ಲದಿದ್ದರೆ ಒಳಗಿನ ಒಂದು ಎಂಜಿನ್ ತೆಗೆಯೋಕೆ ಮುಂದಿನ ಮೂರನ್ನು ಎಳೆದು ಹೊರಹಾಕಬೇಕು. ಸೆವೆರ್ನ್ ವ್ಯಾಲಿ ರೈಲ್ವೆ 2008ರಲ್ಲಿ ಹೈಲಿಯಲ್ಲಿ ಎಂಜಿನ್ ಹೌಸ್ ತೆರೆಯಿತು. ಅಲ್ಲಿ ಓಡದ ಎಂಜಿನ್‌ಗಳು ಸೂರಿನಡಿ ಇವೆ, ಜನರೂ ಬಂದು ನೋಡುತ್ತಾರೆ. ಶೆಡ್ ಅಂದರೆ ಬರೀ ಖರ್ಚು ಅನ್ನುವವರಿಗೆ ಇದನ್ನು ತೋರಿಸಬೇಕು.

ಮತ್ತೆ, ಈ ಕೆಲಸಕ್ಕೆ ಬರುವವರಲ್ಲಿ ನಿವೃತ್ತರು ಬಹಳ. ಮಳೆಯಲ್ಲಿ ನೆನೆದು ಸ್ಪ್ಯಾನರ್ ತಿರುಗಿಸಿ ಅಂತ ಅವರಿಗೆ ಹೇಳುವುದು ತಪ್ಪು.

ಶೆಡ್ ಸಿದ್ಧವಾದಾಗ ಮೊದಲ ಜಾಗ ಯಾರಿಗೆ ಅನ್ನುವ ಜಗಳ ಬರುತ್ತದೆ. ಜನಪ್ರಿಯ ಎಂಜಿನ್‌ಗೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಓಡುವ ಎಂಜಿನ್‌ಗೆ ಬೆಂಕಿ ಬೀಳುತ್ತದೆ, ಬಿಸಿಗೆ ಒಣಗುತ್ತದೆ, ಯಾರಾದರೂ ಎಣ್ಣೆ ಹಾಕುತ್ತಿರುತ್ತಾರೆ. ಬಾಯ್ಲರ್ ಇಳಿಸಿ, ಚಕ್ರ ಕಳಚಿ, ಬಿಡಿಭಾಗಗಳನ್ನು ಹುಲ್ಲಿನ ಮೇಲೆ ಹರಡಿಟ್ಟಿರುವ ಆ ಎಂಜಿನ್ ಇದೆಯಲ್ಲ, ಅದನ್ನು ಮೊದಲು ಒಳಗೆ ತನ್ನಿ.