ನಿಂತ ಕಾಲನ್ನು ತೋರಿಸದ ಕ್ಯಾಮೆರಾ

ಕಳೆದ ಭಾನುವಾರ ಬಿಡದೆ ಸುರಿದ ಮಳೆಯಿಂದ ತೋಟದ ಕೆಲಸ ನಿಂತಿದ್ದರಿಂದ, ವಿರಾಜಪೇಟೆಯ ನಮ್ಮ ಮನೆಯಲ್ಲಿ, ಕರಾಟೆ ಕಲಿಯುತ್ತಿರುವ ಅಕ್ಕನ ಮಗನೊಂದಿಗೆ ಕುಳಿತು ಕಡಿಮೆ ಬಜೆಟ್ಟಿನ ಪೊಲೀಸ್ ಸಾಹಸ ಚಿತ್ರವೊಂದನ್ನು ನೋಡಿದೆ. ನಾಯಕ ನಿಜವಾಗಿಯೂ ಕರಾಟೆ ಬಲ್ಲವನೆಂದು ಕೇಳಿದ್ದೆನಾದ್ದರಿಂದ ಬಹಳ ಆಸೆಯಿಟ್ಟುಕೊಂಡಿದ್ದೆ. ಆ ಆಸೆ ಮಧ್ಯಂತರಕ್ಕೆ ಮೊದಲೇ ಕರಗಿಹೋಯಿತು. ಹೊಸಬರ ತಂಡವಾದುದರಿಂದ ಚಿತ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಗೋದಾಮಿನ ಹೊಡೆದಾಟವನ್ನೇ ತೆಗೆದುಕೊಳ್ಳೋಣ. ನಾಯಕ ಕಾಲೆತ್ತುವುದು ಒಂದು ಶಾಟ್, ಖಳನ ಮುಖ ಇನ್ನೊಂದು, ಅವನು ಪೆಟ್ಟಿಗೆಗಳ ಮೇಲೆ ಬೀಳುವುದು ಮತ್ತೊಂದು. ಕಾಲು ಎದೆಗೆ ತಾಗಿದ ಕ್ಷಣ ಎಲ್ಲಿಯೂ ಇಲ್ಲ, ತಾಗಿದ ಸದ್ದು ಮಾತ್ರ ಇದೆ. "ಮಾವ, ನಿಂತ ಕಾಲನ್ನು ಒಮ್ಮೆಯೂ ತೋರಿಸಲಿಲ್ಲವಲ್ಲ" ಎಂದು ಹುಡುಗ ಕೇಳಿದಾಗ ನನಗೂ ಹೊಳೆಯಿತು. ನಿಂತ ಕಾಲಿನ ಪಾದ ತಿರುಗಿದರೆ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಒದೆತಕ್ಕೆ ಬಲ ಬರುತ್ತದೆ. ಕ್ಯಾಮೆರಾ ಸೊಂಟದಿಂದ ಮೇಲಕ್ಕಷ್ಟೇ ನೋಡುತ್ತಿದ್ದರೆ ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ವಿದ್ಯೆಗೂ ಮೊನ್ನೆ ಕಲಿತ ನಟನೆಗೂ ವ್ಯತ್ಯಾಸವೇ ಕಾಣುವುದಿಲ್ಲ.

ಹಣವಿರಲಿಲ್ಲ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಇಂಡೋನೇಷ್ಯಾದಲ್ಲಿ ತಯಾರಾಗಿ 2011ರಲ್ಲಿ ತೆರೆಕಂಡ 'ದ ರೇಡ್' ಚಿತ್ರದ ವೆಚ್ಚ ಸುಮಾರು 11 ಲಕ್ಷ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಅದೂ ಪೊಲೀಸರ ಕಥೆಯೇ, ಅದರ ಬಹುಪಾಲು ನಡೆಯುವುದು ಒಂದೇ ಕಟ್ಟಡದೊಳಗೆ. ಆದರೆ ಅಲ್ಲಿನ ಸಮರಕಲೆಯಾದ ಪೆಂಚಾಕ್ ಸಿಲಾತ್ ಬಲ್ಲ ನಟರಾದ ಇಕೊ ಉವೈಸ್ ಮತ್ತು ಯಾಯನ್ ರುಹಿಯಾನ್ ಹೊಡೆದಾಟಗಳನ್ನು ತಾವೇ ಸಂಯೋಜಿಸಿದರು, ನಿರ್ದೇಶಕ ಗ್ಯಾರೆತ್ ಇವಾನ್ಸ್ ಆ ಇಬ್ಬರ ಮೈಯನ್ನು ಪೂರ್ತಿ ಕಾಣಿಸಿದರು. ಇಕ್ಕಟ್ಟಾದ ಓಣಿಯೂ ಅಲ್ಲಿ ಕಣ್ಣಿಗೆ ಸ್ಪಷ್ಟವಾಗಿದೆ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಲ್ಲಿ, ಊರ ಬಯಲಾದ ಮಂದ್‌ನಲ್ಲಿ, ಪರೆಯಕಳಿ ಎಂಬ ಬೆತ್ತದಾಟ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಬ್ಬರು ಬೆತ್ತ ಹಿಡಿದು ನಿಲ್ಲುತ್ತಾರೆ, ಏಟು ಮೊಣಕಾಲಿನ ಕೆಳಗೆ ಮಾತ್ರ ಬೀಳಬೇಕು, ಸುತ್ತ ನಿಂತವರ ಕಣ್ಣು ಆ ಕಾಲುಗಳಿಂದ ಕದಲುವುದಿಲ್ಲ. ಬೆತ್ತ ತಾಗಿದೊಡನೆ ನೋಡುವವರ ಕಾಲೂ ಹಿಂದಕ್ಕೆ ಸರಿಯುತ್ತದೆ. ಭಾನುವಾರದ ಆ ಚಿತ್ರ ನೋಡುವಾಗ ನನ್ನ ಕಾಲು ಒಮ್ಮೆಯೂ ಅಲುಗಲಿಲ್ಲ.

ಪೊಲೀಸ್ ಭಾಗವಂತೂ ಇನ್ನೂ ನಿರ್ಲಕ್ಷ್ಯದ್ದು. ಎಲ್ಲರೂ ಸಬ್ ಇನ್‌ಸ್ಪೆಕ್ಟರ್ ಎಂದು ಕರೆಯುವ ನಾಯಕನ ಭುಜದ ಮೇಲೆ ಮೂರು ನಕ್ಷತ್ರಗಳಿವೆ! ಎರಡು ಇರಬೇಕು, ಒಂದನ್ನು ತೆಗೆಯಲು ಯಾವ ಖರ್ಚೂ ಇಲ್ಲ, ಯಾವುದೇ ಠಾಣೆಯ ಮುಂದೆ ಎರಡು ನಿಮಿಷ ನಿಂತಿದ್ದರೆ ಸಾಕಿತ್ತು.

ಇಷ್ಟು ಬೇಸರವಾಗಲು ಕಾರಣವೂ ಆ ಚಿತ್ರದಲ್ಲೇ ಇದೆ. ಒಂದೆಡೆ ನಾಯಕ ಬೆಳಗಿನ ಜಾವ ಠಾಣೆಯ ಹಿತ್ತಲಿನಲ್ಲಿ ಒಬ್ಬನೇ ಕಾತಾ, ಅಂದರೆ ಕರಾಟೆಯ ನಿಗದಿತ ವರಸೆಗಳ ಸರಣಿ, ಅಭ್ಯಾಸ ಮಾಡುತ್ತಾನೆ. ಕ್ಯಾಮೆರಾ ದೂರದಲ್ಲಿ ಅಲುಗದೆ ನಿಂತಿದೆ, ಕತ್ತರಿ ಬಿದ್ದಿಲ್ಲ, ಒದ್ದೆ ಮಣ್ಣಿನಲ್ಲಿ ಅವನ ಪಾದ ತಿರುಗಿದ ಗುರುತೂ ಕಾಣುತ್ತದೆ. ಅರ್ಧ ನಿಮಿಷದ ಆ ಒಂದು ಶಾಟನ್ನು ಅಕ್ಕನ ಮಗ ಮೂರು ಸಲ ಹಾಕಿಸಿಕೊಂಡು ನೋಡಿದ.