ಸತ್ಯಾಂಶ: ಹೂಜಿ ಬಳ್ಳಿ ಹಕ್ಕಿ ನುಂಗುವುದೂ ಇಲ್ಲ, ಸೊಳ್ಳೆ ಓಡಿಸುವುದೂ ಇಲ್ಲ

"ಮೇಘಾಲಯದ ಹೂಜಿ ಗಿಡ ಮುಚ್ಚಳ ಹಾಕಿ ಹಕ್ಕಿಗಳನ್ನು ನುಂಗುತ್ತದೆ, ಮನೆಯಲ್ಲಿ ಒಂದು ಕುಂಡ ಇಟ್ಟರೆ ಸೊಳ್ಳೆ ಕಾಟ ಇರದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ನೆಪೆಂಥೀಸ್ ಖಾಸಿಯಾನ ಎಂಬ ಈ ಬಳ್ಳಿಯ ಮುಚ್ಚಳ ಒಮ್ಮೆ ತೆರೆದರೆ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಮಳೆನೀರು ತುಂಬಿ ಒಳಗಿನ ರಸ ತೆಳುವಾಗದಂತೆ ತಡೆಯುವುದು ಅದರ ಮುಖ್ಯ ಕೆಲಸ. ಎಲೆತುದಿಯ ಕುಡಿ ಊದಿಕೊಂಡು ಹೂಜಿಯಾಗುತ್ತದೆ. ಬಾಯಂಚಿನಲ್ಲಿ ಸಿಹಿರಸ ಜಿನುಗುತ್ತದೆ. ಅಂಚು ಒದ್ದೆಯಾದಾಗ ಕೀಟದ ಕಾಲು ಜಾರುತ್ತದೆ; ಒಳಗೋಡೆಯ ಮೇಣ ಮೇಲೆ ಹತ್ತಲು ಬಿಡದು. ರಸದಲ್ಲಿನ ಕಿಣ್ವಗಳು ಕೀಟವನ್ನು ಕರಗಿಸಿ ಗಿಡಕ್ಕೆ ಸಾರಜನಕ ಒದಗಿಸುತ್ತವೆ. ಬೀಳುವುದು ಹೆಚ್ಚಾಗಿ ಇರುವೆ. ಸೊಳ್ಳೆ ಓಡಿಸುವ ಮಾತಿರಲಿ, ನೆಪೆಂಥೀಸ್ ಹೂಜಿಗಳ ರಸದಲ್ಲೇ ಬೆಳೆಯುವ ಸೊಳ್ಳೆಮರಿಗಳೂ ಇವೆ!

ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ತೇವದ, ಆಮ್ಲೀಯ, ಸಾರವಿಲ್ಲದ ಮಣ್ಣೇ ಇದರ ನೆಲೆ. ಕಿತ್ತು ತಂದು ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ಗಡಸು ನೀರೆರೆದರೆ ಲವಣ ಕಟ್ಟಿಕೊಳ್ಳುತ್ತದೆ. ಒಣಗಾಳಿಯಲ್ಲಿ ಕುಡಿ ಒಣಗಿ ಹೂಜಿ ಮೂಡುವುದೇ ಇಲ್ಲ.

ಇನ್ನೂ ದೊಡ್ಡ ನಷ್ಟ ಕಾಡಿನಲ್ಲಿ ಆಗುತ್ತದೆ. ಗಂಡು, ಹೆಣ್ಣು ಹೂಗಳು ಬೇರೆ ಬೇರೆ ಬಳ್ಳಿಗಳಲ್ಲಿರುವುದರಿಂದ, ಚಿಕ್ಕ ಗುಂಪಿನಿಂದ ಕೆಲವನ್ನು ಕಿತ್ತರೂ ಉಳಿದವು ಬೀಜ ಕಟ್ಟದೆ ಹೋಗಬಹುದು. ಕಲ್ಲಿದ್ದಲು ಗಣಿ, ಕಾಡು ಕಡಿತದಿಂದ ನೆಲೆ ಮೊದಲೇ ಕುಗ್ಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಇದು ಅಳಿವಿನಂಚಿನ ಸಸ್ಯ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 1ನೇ ಅನುಬಂಧದಲ್ಲೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿಯೂ ರಕ್ಷಣೆ ಪಡೆದಿದೆ. ಕಾಡಿನಿಂದ ಕಿತ್ತು ಮಾರುವುದು ಅಪರಾಧ.