ಕೆಂಪು ಬಳಿದರೆ ಫೈರ್ ಇಂಜಿನ್ನು

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ಹಿಂದಿನವರು ನಗುತ್ತಿದ್ದರು. ಬೆಂಗಳೂರಿನಲ್ಲಿ ಬಾವಿ ತೋಡಿದರೆ ಸಾವಿರ ಅಡಿಯವರೆಗೂ ಕಲ್ಲುಪುಡಿಯೇ ಬರುತ್ತದೆ. ಹಾಗಾಗಿ ನಾವು ಬಾವಿಯ ಬದಲು ಕಡತ ತೆರೆಯುತ್ತೇವೆ. ಆ ಕಡತಕ್ಕೆ ಹೇಳಿ ಮಾಡಿಸಿದಂಥ ಐಡಿಯಾ ಒಂದಿದೆ: ಸೇನೆಯವರು ಹರಾಜು ಹಾಕುವ ಹಳೇ ಲಾರಿ ಕೊಂಡು, ಮೇಲೊಂದು ಟ್ಯಾಂಕ್ ಕೂರಿಸಿ, ಕೆಂಪು ಬಣ್ಣ ಬಳಿದು ಫೈರ್ ಇಂಜಿನ್ ಮಾಡಿಬಿಡುವುದು. ಅಮೆರಿಕದವರು ಮಾಡಿದ್ದಾರಂತೆ, ನಮಗೇನು ಬಂದಿದೆ ದಾಡಿ?

ಈ ಐಡಿಯಾ ಹುಟ್ಟುವಷ್ಟು ಗಾಡಿಗಳ ಕೊರತೆ ಹೇಗೆ ಬರುತ್ತದೆ ಎಂಬುದು ಮೊದಲನೇ ತಮಾಷೆ. 2023ರ ಏಪ್ರಿಲ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 52ಎ ಅಂತ ಒಂದು ಬಂದು ಕೂತಿದೆ. ಸರ್ಕಾರಿ ವಾಹನಕ್ಕೆ 15 ವರ್ಷ ತುಂಬಿದರೆ ಅದರ ನೋಂದಣಿ ಮುಗಿಯಿತು, ಆಮೇಲೆ ಗುಜರಿಯೇ ಗತಿ. ದೇಶರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಉಂಟು. ಬೆಂಕಿ ಆರಿಸುವುದನ್ನು ಆ ಪಟ್ಟಿಯಲ್ಲಿ ಯಾರೂ ಬರೆಯಲಿಲ್ಲ. ಹೀಗಾಗಿ ದಿನಾ ಸಾಹೇಬರ ಮನೆಗೆ ತರಕಾರಿ ಹೊತ್ತು ಮೀಟರ್ ಸುತ್ತಿಸಿಕೊಂಡ ಇಲಾಖೆಯ ಕಾರಿಗೂ, ಅಗ್ನಿಶಾಮಕ ಠಾಣೆಯ ಶೆಡ್ಡಿನಲ್ಲೇ ಅರ್ಧ ಆಯಸ್ಸು ಕಳೆದ ಜಲವಾಹನಕ್ಕೂ ಒಂದೇ ದಿನ ಒಂದೇ ತಿಥಿ. ಫೈರ್ ಇಂಜಿನ್ನಿನ ಸವೆತ ಕಿಲೋಮೀಟರಿನಲ್ಲೂ ಇಲ್ಲ, ಕ್ಯಾಲೆಂಡರಿನಲ್ಲೂ ಇಲ್ಲ. ಅದು ನಿಂತಲ್ಲೇ ನಿಂತು ಪಂಪ್ ತಿರುಗಿಸಿದ ಗಂಟೆಗಳಲ್ಲಿದೆ. ಪಂಪ್ ಪರೀಕ್ಷೆ ಮಾಡಿ ಒತ್ತಡ, ಹರಿವು ನೋಡಿದರೆ ಗಾಡಿ ಗಟ್ಟಿಯಿದೆಯೋ ಇಲ್ಲವೋ ಅರ್ಧ ದಿನದಲ್ಲಿ ತಿಳಿಯುತ್ತದೆ. ಆದರೆ ಅದಕ್ಕೆ ನೀರು ಬೇಕು, ಕ್ಯಾಲೆಂಡರಿಗಾದರೆ ಮೊಳೆಯೊಂದಿದ್ದರೆ ಸಾಕು.

ಸರಿ, ಅದು ಹೋಯಿತು. ಬದಲಿಗೆ ಬರುತ್ತಿರುವವನು ಯಾರು? ಜಬಲ್ಪುರದ ಕಾರ್ಖಾನೆಯಲ್ಲಿ ಜೋಡಿಸಿದ, ಸೇನೆಯ ಸ್ಟಾಲಿಯನ್ ಲಾರಿ. ಕೇಂದ್ರ ಸರ್ಕಾರದ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಸಾಲಾಗಿ ನಿಂತಿರುತ್ತದೆ. ಜಾತಕ ಕೇಳಬೇಕಾಗಿಲ್ಲ, ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣದ ಜೊತೆಗಿರುವ ಎರಡಂಕಿಯೇ ಸೇನೆ ಅದನ್ನು ಕೊಂಡ ವರ್ಷ. ಹರಾಜಿಗೆ ಬರುವ ಹೊತ್ತಿಗೆ ಬಹುಪಾಲು ಲಾರಿಗಳು ಹದಿನೈದರ ಹೊಸ್ತಿಲು ದಾಟಿಯೋ, ಹೊಸ್ತಿಲ ಮೇಲೆ ಕಾಲಿಟ್ಟೋ ಇರುತ್ತವೆ. ಸೇನೆಯಲ್ಲಿ ಇದ್ದಷ್ಟು ದಿನ ವಿನಾಯಿತಿ. ಅಗ್ನಿಶಾಮಕ ಇಲಾಖೆಯ ಹೆಸರಿಗೆ ಬಂದು ಕೆಎ ಪಕ್ಕದಲ್ಲಿ 'ಜಿ' ಸರಣಿಯ ನಂಬರ್ ಬಿದ್ದ ಕೂಡಲೇ ಅದೂ ಸಾಮಾನ್ಯ ಸರ್ಕಾರಿ ವಾಹನ. ನಾಮಕರಣದ ದಿನವೇ ವೈಕುಂಠ ಸಮಾರಾಧನೆ. ಒಂದೇ ಪುರೋಹಿತರಲ್ಲಿ ಎರಡೂ ಮುಗಿಯುತ್ತದೆ, ದಕ್ಷಿಣೆ ಉಳಿತಾಯ.

ಬಣ್ಣದ ವಿಚಾರದಲ್ಲಿ ಮಾತ್ರ ಇಲಾಖೆಗಳು ಚುರುಕು, ಮತ್ತು ಇಲ್ಲಿ ಕಾನೂನೂ ಅವರ ಪರವಾಗಿದೆ. ಕೇಂದ್ರ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದ್ದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಇರಕೂಡದು. ಹಾಗಾಗಿ ಬ್ರೇಕ್ ನೋಡುವ ಮೊದಲು ಬಣ್ಣ ನೋಡಲೇಬೇಕು. ಭಾರತೀಯ ಮಾನಕ ಐಎಸ್ 5ರ ಬಣ್ಣದ ಪಟ್ಟಿಯಲ್ಲಿ 536 'ಫೈರ್ ರೆಡ್', 538 'ಪೋಸ್ಟ್ ಆಫೀಸ್ ರೆಡ್'. ಟೆಂಡರಿನಲ್ಲಿ 536 ಬರೆದು ಅಂಗಡಿಯಲ್ಲಿ 538 ಸಿಕ್ಕರೆ ಬೆಂಕಿಯ ಹತ್ತಿರ ಗಾಡಿ ಅಂಚೆಯ ವೇಗದಲ್ಲಿ ಹೋಗುತ್ತದೆ ಎಂದೇನಿಲ್ಲ. ಆ ವೇಗಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ ಸಾಕು. ಹಳೇ ಮ್ಯಾಟ್ ಹಸಿರನ್ನು ಉಜ್ಜಿ ತೆಗೆದು ಪ್ರೈಮರ್ ಹೊಡೆಯದೆ ನೇರ ಕೆಂಪು ಬಳಿದರೆ ಒಂದೇ ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು, ಒಳಗಿಂದ ಮತ್ತೆ ಸೈನಿಕ ಇಣುಕುತ್ತಾನೆ.

ಈಗ ತೂಕ. ಎಲ್ಲ ಅನರ್ಥ ಶುರುವಾಗುವುದು ಇಲ್ಲಿಂದ, ಯಾಕೆಂದರೆ ನೀರು ಲೀಟರಿಗೆ ಒಂದು ಕೆ.ಜಿ. ಎಂಬುದನ್ನು ಸಚಿವಾಲಯದಲ್ಲಿ ಇನ್ನೂ ಅಂಗೀಕರಿಸಿಲ್ಲ. ಈ ಲಾರಿ ಕಾಡುಮೇಡಿನಲ್ಲಿ ಹೊರುವ ಲೆಕ್ಕ 5 ಟನ್. ಟಾರು ರಸ್ತೆಯಲ್ಲಿ ಇನ್ನೂ ಎರಡು ಎರಡೂವರೆ ಟನ್ ಜಾಸ್ತಿ ಹೊರಬಹುದು. ಆದರೆ ನಮ್ಮ ಒಳರಸ್ತೆಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಬೇರೆ ಚರ್ಚೆ. 4500 ಲೀಟರ್ ನೀರು ಅಂದರೆ 4500 ಕೆ.ಜಿ. 5 ಮಿ.ಮೀ. ತಗಡಿನ ಟ್ಯಾಂಕು 900. ಪಂಪ್, ಶಾಫ್ಟ್, ಪೈಪುಗಳು 300. ಹೋಸು, ಏಣಿ, ಕಟರ್, ಸಾಮಾನು 700. ಎಂಟು ಜನ ಸಿಬ್ಬಂದಿ 600. ಒಟ್ಟು ಏಳು ಟನ್ ಆಯಿತು, ಹಿಂದೆ ಜೋಡಿ ಟೈರೂ ಇಲ್ಲ, ಒಂಟಿ ಟೈರು. ಬುದ್ಧಿ ಇದ್ದವರು 2500ರಿಂದ 3000 ಲೀಟರಿಗೆ ನಿಲ್ಲಿಸುತ್ತಾರೆ. ಟೆಂಡರ್ ಬರೆಯುವವರಿಗೆ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ದೊಡ್ಡದು, ಆದ್ದರಿಂದ 9000. ಆಕ್ಸಲ್ಲಿಗೆ ಓದು ಬರುವುದಿಲ್ಲ, ಅದಕ್ಕೇ ಅದು ಆಕ್ಷೇಪಣೆ ಸಲ್ಲಿಸುವುದಿಲ್ಲ, ಮುರಿಯುತ್ತದೆ.

ಟ್ಯಾಂಕನ್ನು ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಬೆಸುಗೆ ಹಾಕಿಸುವುದು ದೊಡ್ಡ ವಿಷಯವಲ್ಲ. ವಿಷಯ ಇರುವುದು ಒಳಗೆ. ಟ್ಯಾಂಕಿನೊಳಗೆ ಉದ್ದಕ್ಕೂ ಅಡ್ಡಕ್ಕೂ ಬ್ಯಾಫಲ್ ಅನ್ನುವ ತಡೆ ತಗಡುಗಳನ್ನು ನಿಲ್ಲಿಸಿ ಕೋಣೆ ಮಾಡಬೇಕು. ಕೋಣೆಯೊಂದರ ಉದ್ದ 48 ಇಂಚು ಮೀರಬಾರದೆಂದು ಅಗ್ನಿ ಸುರಕ್ಷತೆಯ ಮಾನದಂಡ ಬರೆಯುವ ಅಮೆರಿಕದ ಸಂಸ್ಥೆ ಎನ್‌ಎಫ್‌ಪಿಎ ಹೇಳುತ್ತದೆ. ತಗಡಿನ ಕೆಳಮೂಲೆ ಕತ್ತರಿಸಿ ನೀರಿಗೆ ದಾರಿ, ಮೇಲೆ ಗಾಳಿಗೆ ಸಂದು. ಇಷ್ಟೂ ಮುಚ್ಚಳ ಹಾಕಿದ ಮೇಲೆ ಯಾರಿಗೂ ಕಾಣಿಸುವುದಿಲ್ಲ. ಎಸ್ಟಿಮೇಟಿನ ಶತ್ರು ಯಾವುದೆಂದರೆ ಕಾಣಿಸದ ವಸ್ತು.

"ಸಾರ್, ಒಳಗೆ ಬ್ಯಾಫಲ್ ಹಾಕೋದು ಬೇಡ್ವಾ?"

"ಎಸ್ಟಿಮೇಟ್‌ನಲ್ಲಿ ಇಲ್ವಲ್ಲಪ್ಪ. ಹೊರಗಡೆ ಇಲಾಖೆ ಲಾಂಛನ ಎಷ್ಟು ದೊಡ್ಡದು ಬರುತ್ತೆ, ಅದು ಹೇಳು."

ಬ್ಯಾಫಲ್ ಇಲ್ಲದ ಟ್ಯಾಂಕು ಪೂರ್ತಿ ತುಂಬಿದ್ದಾಗ ಸಾಧು, ಪೂರ್ತಿ ಖಾಲಿಯಿದ್ದಾಗಲೂ ಸಾಧು. ಅರ್ಧ ಖಾಲಿಯಾದಾಗ ಮೈಮೇಲೆ ಬಂದ ಹಾಗೆ ಆಡುತ್ತದೆ. ಚಾಲಕ ಬ್ರೇಕ್ ಒತ್ತುತ್ತಾನೆ. ಲಾರಿ ನಿಲ್ಲುತ್ತದೆ. ಒಂದೂವರೆ ಟನ್ ನೀರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅರೆ ಕ್ಷಣ ಬಿಟ್ಟು ಅದು ಮುಂದಿನ ಗೋಡೆಗೆ ಬಂದು ಗುದ್ದುತ್ತದೆ, ನಿಂತ ಲಾರಿ ಇನ್ನೊಂದು ಮಾರು ಮುಂದೆ ಹೋಗಿ ಮುಂದಿನ ಆಟೋವನ್ನು ಮಾತಾಡಿಸುತ್ತದೆ. ತಿರುವಿನಲ್ಲಾದರೆ ಇನ್ನೂ ಕೆಟ್ಟದ್ದು. ಸೇನೆಯ ಲಾರಿಯ ತಳ ಎತ್ತರ, ಅದರ ಮೇಲೆ ಟ್ಯಾಂಕು, ಟ್ಯಾಂಕಿನೊಳಗೆ ಪಕ್ಕಕ್ಕೆ ವಾಲಿದ ನೀರು. ಫ್ಲೈಓವರಿನಿಂದ ಇಳಿಯುವ ಲೂಪಿನಲ್ಲಿ ಮಗುಚಲು ದೊಡ್ಡ ವೇಗವೇನೂ ಬೇಕಿಲ್ಲ.

ಕೂರಿಸುವುದರಲ್ಲೂ ಒಂದು ಗುಟ್ಟಿದೆ. ಈ ಚಾಸಿಯನ್ನು ಮಾಡಿರುವುದೇ ಹಳ್ಳದಿಣ್ಣೆಯಲ್ಲಿ ತಿರುಚಿಕೊಳ್ಳಲಿ ಅಂತ. ಟ್ಯಾಂಕೋ ತಿರುಚಿಕೊಳ್ಳದ ಪೆಟ್ಟಿಗೆ. ಎರಡನ್ನೂ ಯು-ಬೋಲ್ಟ್ ಹಾಕಿ ಬಿಗಿದು ಕಟ್ಟಿದರೆ ಸೋಲುವುದು ಬೆಸುಗೆ. ಟ್ಯಾಂಕಿನ ಕೆಳಗೆ ಸಬ್‌ಫ್ರೇಮ್ ಅನ್ನುವ ಬೇರೊಂದು ಚೌಕಟ್ಟು ಕೊಟ್ಟು, ಒಂದು ತುದಿಯಲ್ಲಿ ಗಟ್ಟಿಯಾಗಿ, ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಮೇಲೆ ಅಥವಾ ಮಧ್ಯದ ಒಂದೇ ಕೀಲಿನ ಮೇಲೆ ಕೂರಿಸಬೇಕು. ಚಾಸಿಯ ಉದ್ದದ ಹಳಿಗಳಿಗೆ ಬೆಸುಗೆ ತಾಗಿಸಬಾರದು, ಅವುಗಳ ಮೇಲಂಚು ಕೆಳಅಂಚುಗಳಿಗೆ ತೂತು ಕೊರೆಯಬಾರದು. ಹದ ಕೊಟ್ಟ ಉಕ್ಕು ಬಿಸಿ ತಗುಲಿದ ಜಾಗದಲ್ಲೇ ಸೀಳುತ್ತದೆ. ರಾಜಸ್ಥಾನದ ಮರಳಿನಲ್ಲಿ ಹತ್ತು ವರ್ಷ ತಡೆದ ಲಾರಿ ನಮ್ಮ ವಾರ್ಡಿನಲ್ಲಿ ಯಾಕೆ ಬಿರುಕು ಬಿಟ್ಟಿತು ಎಂದು ವಿಚಾರಣಾ ಸಮಿತಿ ಕೇಳಿದರೆ, ಉತ್ತರ ಸಮಿತಿಯ ಕಾರಿನ ಸಸ್ಪೆನ್ಷನ್ನಿಗೆ ಮೊದಲೇ ಗೊತ್ತಿರುತ್ತದೆ.

ಪಂಪಿಗೆ ಬರೋಣ. ನಿಮಿಷಕ್ಕೆ 1800 ಲೀಟರನ್ನು 7 ಕೆ.ಜಿ. ಒತ್ತಡದಲ್ಲಿ ದೂಡಲು ಶಾಫ್ಟಿನ ಹತ್ತಿರ 45ರಿಂದ 50 ಅಶ್ವಶಕ್ತಿ ಬೇಕು, ಅದೂ ಗಂಟೆಗಟ್ಟಲೆ. ಲಾರಿಯಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚ್ ತಿರುಗಿಸಲು ಒಂದು ಪಿಟಿಒ, ಅಂದರೆ ಇಂಜಿನ್ನಿನ ಬಲವನ್ನು ಬೇರೆ ಕೆಲಸಕ್ಕೆ ತಿರುಗಿಸಿ ಕೊಡುವ ಗೇರು, ಇರುತ್ತದೆ. "ಇದೆಯಲ್ಲ, ಇದಕ್ಕೇ ಕೊಟ್ಟುಬಿಡಿ" ಅನ್ನುವುದು ಎಲ್ಲರ ಮೊದಲ ಮಾತು. ಕೆಸರಿನಿಂದ ಜೀಪು ಎಳೆಯುವ ನಾಲ್ಕೈದು ನಿಮಿಷದ ಕೆಲಸಕ್ಕೆ ಕೊಟ್ಟ ಗೇರು ಅದು. ಅದರ ಎಣ್ಣೆ ಕಾದು, ಹಲ್ಲು ನೀಲಿಯಾಗಿ, ಬೆಂಕಿ ಅರ್ಧ ಆರಿದಾಗ ಪಂಪ್ ಪೂರ್ತಿ ಆರುತ್ತದೆ. ಇಂಜಿನ್ನಿನ ಪೂರ್ತಿ ಬಲ ತೆಗೆಯುವ ಬೇರೆ ಪಿಟಿಒ ಹಾಕಬೇಕು, ಇಲ್ಲವೇ ಪಂಪಿಗೇ ಸ್ವಂತ ಡೀಸೆಲ್ ಇಂಜಿನ್ ಕೊಡಬೇಕು. ಹಳೇ ಲಾರಿಗೆ ಎರಡನೆಯದೇ ವಾಸಿ. ನಿಂತ ಗಾಡಿಗೆ ಎದುರುಗಾಳಿ ಇರುವುದಿಲ್ಲವಾದ್ದರಿಂದ, ಲಾರಿಯ ಇಂಜಿನ್ನಿನಲ್ಲೇ ಪಂಪ್ ಓಡಿಸುವುದಾದರೆ ರೇಡಿಯೇಟರಿನ ಜೊತೆ ಪಂಪಿನ ನೀರಿನಿಂದಲೇ ತಂಪು ಪಡೆಯುವ ಹೀಟ್ ಎಕ್ಸ್‌ಚೇಂಜರ್ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಹಳೇ ಇಂಜಿನ್ ಇಲ್ಲಿ ಶೇ. 9ರಷ್ಟು ಬಲ ಕಳೆದುಕೊಂಡೇ ಇರುತ್ತದೆ. ಕೆರೆಯಿಂದ ನೀರು ಎಳೆಯುವುದಾದರೂ ಅಷ್ಟೇ. ಪಂಪ್ ಎಷ್ಟು ಆಳದಿಂದ ನೀರು ಹೀರಬಲ್ಲದು ಎಂಬುದಕ್ಕೆ ಸಮುದ್ರದ ಪಕ್ಕದ ಮಂಗಳೂರಿನಲ್ಲಿ ಪುಸ್ತಕದ ಲೆಕ್ಕ 10.3 ಮೀಟರ್, ಇಲ್ಲಿ 9.3ರ ಹತ್ತಿರ, ಕೈಗೆ ಸಿಗುವುದು ಏಳು. ಅಷ್ಟು ಆಳಕ್ಕೆ ಹೀರುಕೊಳವೆ ಇಳಿಸಲು ನೀರಿರುವ ಕೆರೆ ಸಿಗಬೇಕು, ಸಿಕ್ಕಿದ ಕೆರೆ ತಾನೇ ಹೊತ್ತಿ ಉರಿಯುತ್ತಿರಬಾರದು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರೂ ಇಳಿದಿದ್ದರು. ಬೆಂಕಿ ಆರಿಸುವ ನೊರೆಯನ್ನು, ಅಂದರೆ ಫೋಮನ್ನು, ಇಲಾಖೆಗಳು ದುಡ್ಡು ಕೊಟ್ಟು ಕೊಳ್ಳುತ್ತವೆ, ನೊರೆ ಉಕ್ಕುವ ಆ ಕೆರೆಯಲ್ಲಿ ಅದೂ ಪುಕ್ಕಟೆ.

ಅಂದಹಾಗೆ, ಹೊಸ ಪಂಪಿಗೆ ದುಡ್ಡಿಲ್ಲದಿದ್ದರೆ ಚಿಂತೆಯಿಲ್ಲ. 15 ವರ್ಷ ತುಂಬಿತೆಂದು ಗುಜರಿಗೆ ಹೊರಟ ಜಲವಾಹನದಲ್ಲಿ ಒಳ್ಳೆಯ ಪಂಪ್ ಇದೆ. ಅದನ್ನು ಬಿಚ್ಚಿ ಈ ಲಾರಿಗೆ ಹಾಕಬಹುದು. ಅದರ ಟ್ಯಾಂಕಿನಲ್ಲಿ ಬ್ಯಾಫಲ್ ಕೂಡ ಇದೆ. ಹೋಸ್ ರೀಲು, ಏಣಿ, ಸೈರನ್ನು ಎಲ್ಲಾ ಇದೆ. ಎಲ್ಲವನ್ನೂ ವರ್ಗಾಯಿಸಿದ ಮೇಲೆ ಹಳೇ ಗಾಡಿಯಲ್ಲಿ ಉಳಿಯುವುದು ಚಾಸಿ ಒಂದೇ, ಅದೂ ಚೆನ್ನಾಗಿಯೇ ಓಡುತ್ತಿತ್ತು.

ಅಮೆರಿಕದ ಮಾತು ಬಂದಿತ್ತಲ್ಲ. ಅಲ್ಲಿ ಹೆಚ್ಚುವರಿ ಸೇನಾ ಲಾರಿಗಳನ್ನು ಫಾರೆಸ್ಟ್ ಸರ್ವಿಸ್ ಮೂಲಕ ರಾಜ್ಯಗಳಿಗೆ, ಅಲ್ಲಿಂದ ಹಳ್ಳಿಗಳ ಸ್ವಯಂಸೇವಕ ದಳಗಳಿಗೆ ಸಾಲವಾಗಿ ಕೊಡುತ್ತಾರೆ. ಲಾರಿಯ ಒಡೆತನ ಕೇಂದ್ರದ್ದೇ. ಎರಡೂವರೆ ಟನ್ನಿನ ಆರು ಚಕ್ರದ ಆ ಲಾರಿಗಳು ಓಡುವುದು ಹುಲ್ಲುಗಾವಲಿನಲ್ಲಿ, ಕುರುಚಲು ಕಾಡಿನಲ್ಲಿ. ಅವೆನ್ಯೂ ರೋಡಿನಲ್ಲಲ್ಲ. ಮುಂದಿನ ಚಕ್ರಕ್ಕೂ ಬಲ ಹೋಗುವ ಆಕ್ಸಲ್ಲು ಪೂರ್ತಿ ಮಡಚುವುದಿಲ್ಲ, ಆದ್ದರಿಂದ ತಿರುಗಲು ಜಾಗ ಜಾಸ್ತಿ ಬೇಕು. ಚಿಕ್ಕಪೇಟೆಯ ಗಲ್ಲಿಯಲ್ಲಿ ಎರಡೂ ಕಡೆ ಬೈಕು, ಮೇಲೆ ಕೇಬಲ್ ಜೋಲಿ. ಬೈಕಿನ ಮೇಲೆ ಪಂಪ್ ಕಟ್ಟಿಕೊಂಡ ಇಬ್ಬರು ಸಿಬ್ಬಂದಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಸೈನಿಕ ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ರಿವರ್ಸ್ ತೆಗೆದುಕೊಳ್ಳುತ್ತಿರುತ್ತಾನೆ. ಜನ ನೋಡುತ್ತಿದ್ದಾರೆಂದು ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಚಕ್ರಗಳು ಜಗ್ಗಾಡಿ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಕೈಕೊಡುತ್ತದೆ.

ಈ ಲಾರಿಗೆ ನಿಜವಾದ ಕೆಲಸ ಈ ಊರಿನಲ್ಲೇ ಇದೆ, ಅದನ್ನೂ ಹೇಳಬೇಕು. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ಪಾರ್ಕಿಂಗ್ ಮೈದಾನದಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟವು. ಅಂಥ ಬಯಲಿಗೆ, ಬನ್ನೇರುಘಟ್ಟದ ಅಂಚಿಗೆ 2000 ಲೀಟರ್ ನೀರು, ಸ್ವಂತ ಇಂಜಿನ್ನಿನ ಪಂಪು, 25 ಮಿ.ಮೀ. ಹೋಸ್ ರೀಲು ಹೊತ್ತ ಫೋರ್ ವೀಲ್ ಲಾರಿ ಹೇಳಿ ಮಾಡಿಸಿದ್ದು. ನಿಮಿಷಕ್ಕೆ ನೂರು ಲೀಟರ್ ಬಿಟ್ಟರೂ ಹುಲ್ಲಿನ ಬೆಂಕಿಗೆ ಸಾಕು, ಇಪ್ಪತ್ತು ನಿಮಿಷ ಬರುತ್ತದೆ, ಗಾಡಿ ಓಡುತ್ತಲೇ ನೀರು ಹೊಡೆಯಬಹುದು. ಆದರೆ ಆ ಗಾಡಿ ಚಿಕ್ಕದಾಗಿ ಕಾಣುತ್ತದೆ, ಮತ್ತು ಹುಲ್ಲಿನ ಹತ್ತಿರ ವೇದಿಕೆ ಹಾಕಲಾಗುವುದಿಲ್ಲ.

ವೇದಿಕೆ ವಿಧಾನಸೌಧದ ಮುಂದೆಯೇ ಆಗಬೇಕು. ಟೆಂಡರಿಗೆ ಸಮಯವಿಲ್ಲದ್ದರಿಂದ, ಟೆಂಡರಿಲ್ಲದೆ ಕೊಳ್ಳಲು ಬಿಡುವ 4(ಜಿ) ವಿನಾಯಿತಿ. ನಮ್ಮ ರಾಜ್ಯದಲ್ಲಿ 5ಜಿಗಿಂತ ಬೇಗ ತಲುಪುವುದು ಅದೊಂದೇ. ಬೂದುಗುಂಬಳ ಒಡೆದಿದೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದೆ. ಟೈರಿನ ಪಕ್ಕದ ನಾಲ್ಕಂಕಿಯ ಗುರುತು ನೋಡಿದ್ದರೆ ರಬ್ಬರಿಗೆ ಎಷ್ಟು ವಯಸ್ಸೆಂದು ಗೊತ್ತಾಗುತ್ತಿತ್ತು. ಟೈರಿನ ಮೇಲಿನ ಗಾಡಿಗಳು ಇನ್ನೂ ಆಳವಾಗಿವೆ, ಪಕ್ಕದ ಗೋಡೆ ಮಾತ್ರ ಒಣಗಿದ ಕೆರೆಯಂತೆ ಸೀಳಿದೆ. ಸೈರನ್ನು, ವೈರ್‌ಲೆಸ್ಸು 12 ವೋಲ್ಟಿನವು, ಲಾರಿ 24 ವೋಲ್ಟಿನದು. ಕನ್ವರ್ಟರ್ ಎಸ್ಟಿಮೇಟಿನಲ್ಲಿಲ್ಲ, ಎರಡು ಬ್ಯಾಟರಿಗಳಲ್ಲಿ ಒಂದರಿಂದ ವೈರ್ ಎಳೆದಿದ್ದಾರೆ. ಆ ಬ್ಯಾಟರಿ ಹಸಿದು ಸಾಯುತ್ತದೆ, ಇನ್ನೊಂದು ಅಜೀರ್ಣದಿಂದ, ಆದರೆ ಅದಕ್ಕೆ ಇನ್ನೂ ಕೆಲವು ವಾರ ಇದೆ.

ಕೆಂಪು ಗಾಡಿಗೆ ಹಸಿರು ನಿಶಾನೆ ತೋರಿಸುವಾಗ ಸಂಜೆ ಏಳು. ಚಾಲಕ ಹೊಸಬ. ಡ್ಯಾಶಿನ ಕೆಳಗೆ ಗಟ್ಟಿ ಗುಂಡಿಯ ಸ್ವಿಚ್ಚೊಂದಿದೆ, ಬಿಚ್ಚಿ ಹಾಕಬೇಕಾಗಿದ್ದದ್ದು. ಸೈರನ್ ಅಂದುಕೊಂಡು ತಿರುಗಿಸುತ್ತಾನೆ. ಅದು ಶತ್ರು ವಿಮಾನಕ್ಕೆ ಕಾಣದಂತೆ ಸಾಗಲು ಇಟ್ಟ ಕಾನ್ವಾಯ್ ಸ್ವಿಚ್. ಹೆಡ್‌ಲೈಟ್ ಹೋಯಿತು, ಬ್ರೇಕ್ ಲೈಟ್ ಹೋಯಿತು, ಅದೇ ಫ್ಯೂಸಿಗೆ ಸಿಕ್ಕಿಸಿದ್ದ ಕೆಂಪು ನೀಲಿ ದೀಪವೂ ಹೋಯಿತು. ಹಿಂದುಗಡೆ ತಳದಲ್ಲಿ ಒಂದು ಮಿಣುಕು ಬಲ್ಬು ಮಾತ್ರ ಹೊತ್ತಿಕೊಂಡು, ಹಿಂದಿನ ಆಕ್ಸಲ್ಲಿನ ನಡುವೆ ಬಿಳಿ ಸುಣ್ಣದಂಥ ಬಣ್ಣ ಬಳಿದ ಗುಂಡು ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಮೇಲೆ ಬೆಳಕು ಚೆಲ್ಲಿತು. ಪೇಂಟರ್ ಅಷ್ಟು ಕೆಳಗೆ ಬಗ್ಗಿರಲಿಲ್ಲ.